ಚಾಂಪಿಯನ್‌ಷಿಪ್‌ಗೆ ಒಂದು ಸ್ಥಿರ ನಿಯಮ ಕೊಡಿ: ರಗ್ಬಿ ಫುಟ್‌ಬಾಲ್ ಲೀಗ್‌ನ ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ನಿರ್ದೇಶಕರು,
ರಗ್ಬಿ ಫುಟ್‌ಬಾಲ್ ಲೀಗ್, ಇಂಗ್ಲೆಂಡ್

ವಿಷಯ: ಎರಡನೇ ಸ್ತರದ ಸ್ಪರ್ಧೆಯ ಬಡ್ತಿ ನಿಯಮ, ವೇಳಾಪಟ್ಟಿ ಮತ್ತು ಹಣ ಹಂಚಿಕೆ

ಮಾನ್ಯರೇ,

2026ರ ಋತುವಿನಿಂದ ಎರಡನೇ ಸ್ತರದ ಚಾಂಪಿಯನ್‌ಷಿಪ್ ಮತ್ತು ಮೂರನೇ ಸ್ತರದ ಲೀಗ್ ಒನ್ ವಿಭಾಗಗಳನ್ನು ಒಂದುಗೂಡಿಸಿ, ಹದಿನಾಲ್ಕು ತಂಡಗಳ ಸೂಪರ್ ಲೀಗ್‌ನ ಕೆಳಗೆ ಇಪ್ಪತ್ತರ ಆಸುಪಾಸಿನ ಕ್ಲಬ್‌ಗಳ ಒಂದೇ ದೊಡ್ಡ ಎರಡನೇ ಸ್ತರವನ್ನು ತಾವು ಕಟ್ಟಿದ್ದೀರಿ. ಈ ವಿಲೀನವನ್ನು ವಿರೋಧಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಸಣ್ಣ ಕ್ಲಬ್‌ಗಳು ಉಳಿಯಬೇಕಾದರೆ ಅವುಗಳಿಗೆ ಹೆಚ್ಚು ಪಂದ್ಯಗಳೂ ಹೆಚ್ಚು ಎದುರಾಳಿಗಳೂ ಬೇಕು ಎಂಬ ಮಾತಿನಲ್ಲಿ ಹುರುಳಿದೆ. ನನ್ನ ತಕರಾರು ಬೇರೆ: ಈ ಸ್ಪರ್ಧೆಯಲ್ಲಿ ಗೆದ್ದ ತಂಡಕ್ಕೆ ಏನು ಸಿಗುತ್ತದೆ ಎಂಬ ಸರಳ ಪ್ರಶ್ನೆಗೆ ಕಳೆದ ಮೂವತ್ತು ವರ್ಷಗಳಲ್ಲಿ ತಮ್ಮ ಸಂಸ್ಥೆ ಪದೇ ಪದೇ ಬೇರೆ ಬೇರೆ ಉತ್ತರ ಕೊಟ್ಟಿದೆ, ಮತ್ತು ಎಷ್ಟೋ ಸಲ ಆಟ ಮುಗಿದ ಮೇಲೆ ಕೊಟ್ಟಿದೆ.

ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಪಶ್ಚಿಮ ಯಾರ್ಕ್‌ಷೈರಿನಲ್ಲಿ ನೆಲೆಸಿ, ಲೆಕ್ಕಪರಿಶೋಧನೆಯಲ್ಲಿ ಜೀವನ ಸಾಗಿಸುತ್ತಿರುವ ಕನ್ನಡಿಗನಾದ ನಾನು ಇದನ್ನು ಕನ್ನಡದಲ್ಲೂ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರಿಗಾದರೂ ಇದು ಶಾಲೆಯ ಆಟವಾಗಿದೆ. ಊರಿನಲ್ಲಿರುವ ಓದುಗರಿಗೆ ಪ್ರೊ ಕಬಡ್ಡಿಯಂಥ, ಯಾರೂ ಮೇಲೇರದ ಯಾರೂ ಕೆಳಗಿಳಿಯದ ಫ್ರಾಂಚೈಸಿ ಲೀಗ್‌ಗಳು ಚಿರಪರಿಚಿತ. ಆ ಮಾದರಿಯನ್ನು ನೂರು ವರ್ಷ ದಾಟಿದ ಊರ ಕ್ಲಬ್‌ಗಳ ಮೇಲೆ ಅರ್ಧಂಬರ್ಧ ಹೊದಿಸಿದರೆ ಏನಾಗುತ್ತದೆ ಎಂಬುದು ಅವರಿಗೂ ತಿಳಿದಿರಲಿ.

ಆ ಓದುಗರಿಗಾಗಿ ಎರಡು ಮಾತು. ರಗ್ಬಿ ಲೀಗ್ ಎಂಬುದು ಹದಿನೈದು ಆಟಗಾರರ ರಗ್ಬಿ ಯೂನಿಯನ್ ಅಲ್ಲ. ಇದರಲ್ಲಿ ತಂಡಕ್ಕೆ ಹದಿಮೂರು ಮಂದಿ, ಮತ್ತು ಆರು ಬಾರಿ ಹಿಡಿದು ಕೆಡವಿದ ಮೇಲೆ ಚೆಂಡು ಎದುರಾಳಿಗೆ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಊರುಗಳ ಆಟವಿದು. ಶನಿವಾರದ ಪಂದ್ಯಕ್ಕಾಗಿ ಕೆಲಸ ಬಿಟ್ಟು ಬಂದ ಕಾರ್ಮಿಕನಿಗೆ ಆ ದಿನದ ಕೂಲಿಯನ್ನು ಕ್ಲಬ್ ತುಂಬಿಕೊಡಬಹುದೇ ಎಂಬ ಜಗಳದಲ್ಲಿ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್‌ಗಳು ಮೂಲ ಸಂಸ್ಥೆಯಿಂದ ಹೊರಬಂದು ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಅದೇ 1922ರಲ್ಲಿ ರಗ್ಬಿ ಫುಟ್‌ಬಾಲ್ ಲೀಗ್ ಆಯಿತು. ಕೂಲಿ ಕಳೆದುಕೊಂಡು ಆಡುವವನ ಪರವಾಗಿ ಹುಟ್ಟಿದ ಸಂಸ್ಥೆಗೆ ನಾನು ಬರೆಯುತ್ತಿದ್ದೇನೆ ಎಂಬುದನ್ನು ಮುಂದೆ ಇನ್ನೊಮ್ಮೆ ನೆನಪಿಸಬೇಕಾಗುತ್ತದೆ.

ಮೊದಲಿಗೆ ಬಡ್ತಿಯ ವಿಚಾರ. 1994–95ರ ಋತುವಿನಲ್ಲಿ ಕೀತ್ಲಿ ತಂಡ ಎರಡನೇ ವಿಭಾಗವನ್ನು ಗೆದ್ದಿತು. ಆ ಸಣ್ಣ ಊರಿನಲ್ಲಿ ಕೂಗರ್ಸ್ ಎಂಬ ಹೊಸ ಹೆಸರಿನೊಂದಿಗೆ ಎದ್ದಿದ್ದ ಉತ್ಸಾಹವನ್ನು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಅಷ್ಟರಲ್ಲಿ ಸೂಪರ್ ಲೀಗ್ ಘೋಷಣೆಯಾಯಿತು, ಐದು ವರ್ಷಕ್ಕೆ 8.7 ಕೋಟಿ ಪೌಂಡ್‌ಗಳ ಟಿ.ವಿ. ಒಪ್ಪಂದ ಬಂತು, ಕೀತ್ಲಿಗೆ ಬಾಗಿಲು ಮುಚ್ಚಿತು. 1999ರಲ್ಲಿ ಹನ್ಸ್ಲೆಟ್ ತಂಡ ಅಂತಿಮ ಪಂದ್ಯದಲ್ಲಿ ಡ್ಯೂಸ್‌ಬರಿಯನ್ನು 12–11ರಿಂದ ಸೋಲಿಸಿತು. ಮಾನದಂಡಗಳಿಗೆ ಹೊಂದುವುದಿಲ್ಲವೆಂದು ಬಡ್ತಿ ನಿರಾಕರಿಸಲಾಯಿತು. ಮರುವರ್ಷ ಅದೇ ಡ್ಯೂಸ್‌ಬರಿ ಲೀ ತಂಡವನ್ನು 13–12ರಿಂದ ಸೋಲಿಸಿತು. ಅದಕ್ಕೂ ಅದೇ ಉತ್ತರ. 2009ರಿಂದ 2013ರವರೆಗೆ, ಸೂಪರ್ ಲೀಗ್‌ನ ಕ್ಲಬ್‌ಗಳನ್ನು ಮಂಡಳಿಯೇ ಆರಿಸುವ ಪರವಾನಗಿ ಪದ್ಧತಿ ಬಂದು ಬಡ್ತಿ–ಹಿಂಬಡ್ತಿ ಎರಡೂ ರದ್ದಾದವು. ಕಲ್ಲಿದ್ದಲು ಗಣಿಯ ನೆನಪಿನಲ್ಲೇ ಬದುಕುತ್ತಿರುವ ಫೆದರ್‌ಸ್ಟನ್ ಎಂಬ ಪುಟ್ಟ ಊರಿನ ತಂಡ 2011ರ ಅಂತಿಮ ಪಂದ್ಯವನ್ನು 40–4ರಿಂದ ಗೆದ್ದು, ಮರುವರ್ಷ ಮತ್ತೆ ಅದೇ ವಿಭಾಗದಲ್ಲಿ ಆಡಿತು.

ಆಮೇಲೆ 2015ರಲ್ಲಿ ಪೆಂಡುಲಮ್ ಇನ್ನೊಂದು ತುದಿಗೆ ಹೋಯಿತು. ಇಪ್ಪತ್ಮೂರು ಸುತ್ತುಗಳ ನಂತರ ಎರಡು ವಿಭಾಗಗಳ ಇಪ್ಪತ್ನಾಲ್ಕು ತಂಡಗಳನ್ನು ಎಂಟೆಂಟರ ಮೂರು ಗುಂಪುಗಳಾಗಿ ಒಡೆದು, ನಡುವಿನ ಗುಂಪಿನ ಕೊನೆಗೆ ‘ಮಿಲಿಯನ್ ಪೌಂಡ್ ಗೇಮ್’ ಎಂಬ ಒಂದೇ ಪಂದ್ಯದಿಂದ ಒಂದು ಕ್ಲಬ್ಬಿನ ಮುಂದಿನ ವರ್ಷವನ್ನು ನಿರ್ಧರಿಸುವ ಏರ್ಪಾಡು ಅದು. 2016ರ ಆ ಪಂದ್ಯದಲ್ಲಿ ಹಲ್ ಕೆ.ಆರ್. ತನ್ನದೇ ಅಂಗಳದಲ್ಲಿ ಕೊನೆಯ ನಿಮಿಷಗಳವರೆಗೆ 18–10ರಿಂದ ಮುಂದಿತ್ತು. ಸಾಲ್ಫರ್ಡ್ ಎರಡು ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸುವುದು) ಗಳಿಸಿ ಸಮಮಾಡಿ, ಮೊದಲು ಅಂಕ ಗಳಿಸಿದವರೇ ಗೆಲ್ಲುವ ಹೆಚ್ಚುವರಿ ಆಟವಾದ ಗೋಲ್ಡನ್ ಪಾಯಿಂಟ್‌ನಲ್ಲಿ ಗ್ಯಾರೆತ್ ಓಬ್ರಯನ್ ದೂರದಿಂದ ಒದ್ದ ಡ್ರಾಪ್ ಗೋಲಿನಿಂದ 19–18ರಲ್ಲಿ ಗೆದ್ದಿತು. ನೋಡುವವರಿಗೆ ರೋಮಾಂಚನ, ನಿಜ. ಆದರೆ ಟಿಕೆಟ್ ಕೌಂಟರಿನಲ್ಲಿ ಕೂರುವವರಿಂದ ಹಿಡಿದು ಹುಲ್ಲು ಕತ್ತರಿಸುವವರವರೆಗೆ ಕ್ಲಬ್ಬಿನ ನೌಕರರ ಸಂಬಳವನ್ನು ಒಂದು ಒದೆತದ ಮೇಲೆ ನಿಲ್ಲಿಸುವುದನ್ನು ನಾನು ಸ್ಪರ್ಧೆಯ ಸಂಘಟನೆ ಎಂದು ಕರೆಯಲಾರೆ. 2019ರಿಂದ ಮತ್ತೆ ಒಬ್ಬರು ಮೇಲೆ, ಒಬ್ಬರು ಕೆಳಗೆ. ನಂತರ ಕ್ರೀಡಾ ವ್ಯವಹಾರದ ಕಂಪನಿಯಾದ ಐ.ಎಂ.ಜಿ. ಸಂಸ್ಥೆಯೊಂದಿಗೆ ಹನ್ನೆರಡು ವರ್ಷಗಳ ಒಪ್ಪಂದ, 2023ರಲ್ಲಿ ಕ್ಲಬ್‌ಗಳ ಮತದಾನ, ಕ್ಲಬ್‌ಗಳಿಗೆ ಅಂಕ ಕೊಟ್ಟು ಶ್ರೇಣಿ ನಿಗದಿಮಾಡಿ ಅದರಂತೆ ಸೂಪರ್ ಲೀಗ್‌ಗೆ ಆರಿಸುವ ಪದ್ಧತಿ.

ಈ ಬದಲಾವಣೆಗಳಲ್ಲಿ ಯಾವುದು ಒಳ್ಳೆಯದಿತ್ತು ಎಂದು ಅಳೆಯಲು ನಮ್ಮ ಮುಂದೆ ಎರಡು ಕ್ಲಬ್‌ಗಳಿವೆ. 2016ರ ಆ ಸೋಲಿನಿಂದ ಕೆಳಗಿಳಿದ ಹಲ್ ಕೆ.ಆರ್. 2017ರ ಒಂದೇ ವರ್ಷ ಎರಡನೇ ಸ್ತರದಲ್ಲಿ ಆಡಿ, ಮೈದಾನದಲ್ಲಿ ಗೆದ್ದು ಮೇಲೆ ಬಂತು. 2025ರಲ್ಲಿ ನಾಕೌಟ್ ಸ್ಪರ್ಧೆಯಾದ ಚಾಲೆಂಜ್ ಕಪ್, ಲೀಗ್ ಪಟ್ಟಿಯ ಅಗ್ರಸ್ಥಾನ ಮತ್ತು ಸೂಪರ್ ಲೀಗ್‌ನ ಅಂತಿಮ ಪಂದ್ಯವಾದ ಗ್ರ್ಯಾಂಡ್ ಫೈನಲ್ ಮೂರನ್ನೂ ಗೆದ್ದಿತು. ಲೀ ತಂಡ 2021ರಲ್ಲಿ ಸೂಪರ್ ಲೀಗ್‌ನ ತಳ ಸೇರಿ ಕೆಳಗಿಳಿಯಿತು; 2022ರಲ್ಲಿ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯದಲ್ಲಿ ಬ್ಯಾಟ್ಲಿಯನ್ನು 44–12ರಿಂದ ಸೋಲಿಸಿ ಮೇಲೇರಿತು; ಮರುವರ್ಷವೇ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಎತ್ತಿತು. ಇವೆರಡೂ ಅಂಕಪಟ್ಟಿ ನೋಡಿ ಆಯ್ದ ಕ್ಲಬ್‌ಗಳಲ್ಲ. ಕೆಳಗಿನ ಸ್ತರದಲ್ಲಿ ಕಳೆದ ಆ ಒಂದು ವರ್ಷದಲ್ಲಿ ತಂಡವನ್ನು ಹೊಸದಾಗಿ ಕಟ್ಟಿ, ಗೆಲ್ಲುವ ಅಭ್ಯಾಸ ಮತ್ತೆ ಗಳಿಸಿಕೊಂಡು ಬಂದವು. ಎರಡನೇ ಸ್ತರದ ನಿಜವಾದ ಉಪಯೋಗ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಅಂಕಪದ್ಧತಿಯನ್ನೇ ಹತ್ತಿರದಿಂದ ನೋಡೋಣ. ಒಟ್ಟು ಇಪ್ಪತ್ತು ಅಂಕ. ಅಭಿಮಾನಿ ಬಳಗಕ್ಕೆ 5, ಆಟದ ಸಾಧನೆಗೆ 5, ಹಣಕಾಸಿಗೆ 4.5, ಕ್ರೀಡಾಂಗಣಕ್ಕೆ 3, ಸಮುದಾಯಕ್ಕೆ 2.5. ಹದಿನೈದು ದಾಟಿದರೆ ‘ಎ’ ಶ್ರೇಣಿ, ಅಂದರೆ ಸೂಪರ್ ಲೀಗ್‌ನಲ್ಲಿ ಖಚಿತ ಸ್ಥಾನ. ಹಣಕಾಸಿನ ಶಿಸ್ತಿಗೆ ತೂಕ ಕೊಟ್ಟಿರುವುದನ್ನು ವೃತ್ತಿಯ ಕಾರಣದಿಂದ ನಾನು ಮೆಚ್ಚಲೇಬೇಕು. ಆದರೆ ಮೈದಾನದಲ್ಲಿ ನಡೆಯುವ ಆಟಕ್ಕೆ ಕಾಲು ಭಾಗ ಮಾತ್ರ, ಅದೂ ಮೂರು ವರ್ಷಗಳ ಸರಾಸರಿಯಲ್ಲಿ. ಇನ್ನು ಸಾಮಾಜಿಕ ಜಾಲತಾಣಗಳ ಹಿಂಬಾಲಕರು, ಮೈದಾನದಂಚಿನ ಎಲ್‌ಇಡಿ ಜಾಹೀರಾತು ಫಲಕ, ದೊಡ್ಡ ಪರದೆ ಇವೆಲ್ಲಕ್ಕೂ ಅಂಕವಿದೆ. ಬ್ಯಾಟ್ಲಿಯ ಮೌಂಟ್ ಪ್ಲೆಸೆಂಟ್ ಮೈದಾನವನ್ನು ಕಂಡವರಿಗೆ ಗೊತ್ತು: ಅಂಗಳ ಒಂದು ಮೂಲೆಯ ಕಡೆಗೆ ಕಣ್ಣಿಗೆ ಕಾಣುವಷ್ಟು ಇಳಿಜಾರು, ಒಂದು ಅರ್ಧದಲ್ಲಿ ಚೆಂಡು ತಾನಾಗಿ ಮುಂದಕ್ಕೆ ಓಡಿದರೆ ಇನ್ನೊಂದು ಅರ್ಧದಲ್ಲಿ ಎದುರಾಳಿಯ ಜತೆಗೆ ನೆಲವನ್ನೂ ತಳ್ಳಿಕೊಂಡು ಹೋಗಬೇಕು. 1897ರ ಮೊಟ್ಟಮೊದಲ ಚಾಲೆಂಜ್ ಕಪ್ ಗೆದ್ದ ಕ್ಲಬ್ ಅದು. 2022ರಲ್ಲಿ ದಿನದ ಕೆಲಸ ಮುಗಿಸಿ ಬಂದು ತರಬೇತಿ ಪಡೆಯುವ ಆಟಗಾರರನ್ನು ಕಟ್ಟಿಕೊಂಡೇ ಅಂತಿಮ ಪಂದ್ಯ ತಲುಪಿತು. ಆ ಮೈದಾನಕ್ಕೆ ದೊಡ್ಡ ಪರದೆಯೊಂದನ್ನು ಬಾಡಿಗೆಗೆ ತಂದು ನಿಲ್ಲಿಸಿದರೆ ಅಂಕ ಏರಬಹುದು. ಆಟದಲ್ಲಿ ಏನು ಏರಿತು ಎಂದು ಕೇಳುವ ಹಕ್ಕು ಪ್ರೇಕ್ಷಕನಿಗಿದೆ.

ಅಂಕಪದ್ಧತಿ ಎಡವಿದ ಎರಡು ಸಂದರ್ಭಗಳನ್ನು ತಮ್ಮ ಗಮನಕ್ಕೆ ತರಲೇಬೇಕು. 2023ರ ಅಕ್ಟೋಬರಿನಲ್ಲಿ ಲಂಡನ್ ಬ್ರಾಂಕೋಸ್ ತಂಡ ಫ್ರಾನ್ಸಿನ ಟುಲೂಸ್‌ಗೇ ಹೋಗಿ ಟುಲೂಸ್ ತಂಡವನ್ನು 18–14ರಿಂದ ಸೋಲಿಸಿ ಬಡ್ತಿ ಪಡೆಯಿತು. ಅದೇ ತಿಂಗಳು ಹೊರಬಂದ ತಾತ್ಕಾಲಿಕ ಶ್ರೇಯಾಂಕದಲ್ಲಿ ಆ ತಂಡದ ಸ್ಥಾನ 24. ಅಂದರೆ 2024ರ ಮೊದಲ ಚೆಂಡು ಒದೆಯುವ ಮೊದಲೇ, ಆ ತಂಡ ಎಷ್ಟು ಪಂದ್ಯ ಗೆದ್ದರೂ ವರ್ಷದ ಕೊನೆಗೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದೇ ವರ್ಷದ ಅತಿಥಿ ಎಂದು ಹಣೆಯ ಮೇಲೆ ಬರೆದ ಕ್ಲಬ್ಬಿಗೆ ಯಾವ ಒಳ್ಳೆಯ ಆಟಗಾರ ಸಹಿ ಹಾಕುತ್ತಾನೆ, ಯಾವ ಪ್ರಾಯೋಜಕ ಮುಂದೆ ಬರುತ್ತಾನೆ? ಇನ್ನೊಂದು, ಸಾಲ್ಫರ್ಡ್. 2024ರ ಶರತ್ಕಾಲದ ಶ್ರೇಯಾಂಕದಲ್ಲಿ ಅದು, ಆಗ ಹನ್ನೆರಡು ತಂಡಗಳಿದ್ದ ಸೂಪರ್ ಲೀಗ್‌ಗೆ ಬೇಕಾದಂತೆ, ಮೊದಲ ಹನ್ನೆರಡರಲ್ಲಿ ಸ್ಥಾನ ಪಡೆಯಿತು. ಕೆಲವೇ ವಾರಗಳಲ್ಲಿ ಕೇಂದ್ರದ ಪಾಲನ್ನು, ಅಂದರೆ ಲೀಗ್ ಕ್ಲಬ್‌ಗಳಿಗೆ ಹಂಚುವ ಹಣವನ್ನು, ಮುಂಗಡವಾಗಿ ಕೇಳುವ ಸ್ಥಿತಿ ಬಂತು; 2025ರ ಮೊದಲ ಪಂದ್ಯಕ್ಕೆ ಬಹುಪಾಲು ಎಳೆಯರ ತಂಡವನ್ನು ಇಳಿಸಿ ಸೇಂಟ್ ಹೆಲೆನ್ಸ್ ವಿರುದ್ಧ 82–0ರಿಂದ ಸೋತಿತು. ಇದರಲ್ಲಿ ಆ ಹುಡುಗರ ತಪ್ಪಿಲ್ಲ. ಇಪ್ಪತ್ತರಲ್ಲಿ ನಾಲ್ಕೂವರೆ ಅಂಕ ಹಣಕಾಸಿಗೆ ಮೀಸಲಿಟ್ಟ ಪದ್ಧತಿಯೇ ಕಣ್ಣೆದುರಿನ ಹಣದ ಬಿಕ್ಕಟ್ಟನ್ನು ಹಿಡಿಯಲಾರದೆ ಹೋಯಿತಲ್ಲ ಎಂಬುದು ನನ್ನ ಚಿಂತೆ. ಒಂದರ ಕೊರತೆಯನ್ನು ಇನ್ನೊಂದರ ಅಂಕ ತುಂಬಿಕೊಡುವ ಯಾವ ಒಟ್ಟು ಮೊತ್ತದಲ್ಲೂ ಈ ದೋಷ ಇದ್ದೇ ಇರುತ್ತದೆ. ಇದು ನಮ್ಮ ವೃತ್ತಿಯವರಿಗೆ ಹಳೆಯ ಪಾಠ.

ನ್ಯಾಯಕ್ಕಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2023ರಲ್ಲಿ ಕೆಳಗಿಳಿದ ವೇಕ್‌ಫೀಲ್ಡ್ ಟ್ರಿನಿಟಿ 2024ರಲ್ಲಿ ಎರಡನೇ ಸ್ತರದ ಎಲ್ಲವನ್ನೂ ಗೆದ್ದು, ಮೈದಾನವನ್ನೂ ಸುಧಾರಿಸಿಕೊಂಡು ‘ಎ’ ಶ್ರೇಣಿ ಪಡೆದು ಮೇಲೆ ಹೋಯಿತು. 2025ರಲ್ಲಿ ಅಂತಿಮ ಪಂದ್ಯವಾಡಿದ ಟುಲೂಸ್ ಮತ್ತು ಯಾರ್ಕ್ ಎರಡೂ ಸೂಪರ್ ಲೀಗ್‌ಗೆ ಸೇರಿವೆ. ಅಂಕಪಟ್ಟಿಯೂ ಆಟವೂ ಒಂದೇ ಮಾತು ಹೇಳಿದಾಗ ನಿಯಮದ ಗುಣ ಪರೀಕ್ಷೆಗೆ ಬರುವುದಿಲ್ಲ. ಎರಡೂ ಬೇರೆ ಮಾತು ಹೇಳಿದಾಗ ಯಾವುದು ಗೆಲ್ಲಬೇಕು ಎಂಬುದನ್ನೇ ತಾವು ಬರೆದಿಡಬೇಕಾಗಿದೆ.

ನನ್ನ ಬೇಡಿಕೆ ಇಷ್ಟು. ಅಂಕಗಳನ್ನು ಕೂಡಿಸಿ ಶ್ರೇಯಾಂಕ ಕಟ್ಟುವುದನ್ನು ಕೈಬಿಟ್ಟು, ಅವುಗಳನ್ನು ದಾಟಲೇಬೇಕಾದ ಹೊಸ್ತಿಲನ್ನಾಗಿ ಮಾಡಿ. ಪರಿಶೋಧಿತ ಲೆಕ್ಕಪತ್ರ, ಬಾಕಿಯಿಲ್ಲದ ತೆರಿಗೆ, ಮುಂದಿನ ಋತುವಿನ ಸಂಬಳಕ್ಕೆ ಸಾಕಾಗುವ ಹಣದ ಪುರಾವೆ, ಸುರಕ್ಷತಾ ಪ್ರಮಾಣಪತ್ರವಿರುವ ಮೈದಾನ, ಕಿರಿಯರ ತರಬೇತಿಯ ವ್ಯವಸ್ಥೆ: ಇವುಗಳಲ್ಲಿ ಪ್ರತಿಯೊಂದನ್ನೂ ಕ್ಲಬ್ ಪ್ರತ್ಯೇಕವಾಗಿ ಪೂರೈಸಬೇಕು. ಪೂರೈಸಿದ ಕ್ಲಬ್‌ಗಳ ಹೆಸರು ಋತು ಆರಂಭವಾಗುವ ಮುನ್ನ ಪ್ರಕಟವಾಗಲಿ, ಕೊರತೆಯಿದ್ದವರಿಗೆ ಏನು ಕೊರತೆ ಎಂದು ಬರವಣಿಗೆಯಲ್ಲಿ ತಿಳಿಸಿ ಅದನ್ನು ಸರಿಪಡಿಸಲು ಋತುವಿನ ಮಧ್ಯದವರೆಗೆ ಅವಕಾಶವಿರಲಿ. ಆಮೇಲೆ ಹೊಸ್ತಿಲು ದಾಟಿದವರಲ್ಲಿ ಯಾರು ಅಂತಿಮ ಪಂದ್ಯ ಗೆಲ್ಲುತ್ತಾರೋ ಅವರು ಮೇಲೆ ಹೋಗಲಿ. ಹನ್ಸ್ಲೆಟ್ ಮತ್ತು ಡ್ಯೂಸ್‌ಬರಿಗಳಿಗೆ ಆದ ಅನ್ಯಾಯದ ಕಹಿ ಮಾನದಂಡ ಇದ್ದುದರಿಂದ ಬಂದದ್ದಲ್ಲ. ಕಪ್ ಎತ್ತಿದ ಮೇಲೆ ‘ಇಲ್ಲ’ ಎನ್ನಿಸಿಕೊಂಡದ್ದರಿಂದ ಬಂದದ್ದು.

ಎರಡನೆಯದು ವೇಳಾಪಟ್ಟಿ. ಇದು ಬಡ್ತಿಯಷ್ಟು ಸದ್ದು ಮಾಡುವ ವಿಷಯವಲ್ಲ, ಆದರೆ ವಿಲೀನದ ನಂತರ ನನ್ನ ಮಟ್ಟಿಗೆ ಇದೇ ದೊಡ್ಡದು. ಹದಿನಾಲ್ಕು ತಂಡಗಳಿದ್ದಾಗ ಪ್ರತಿಯೊಬ್ಬರೂ ಪ್ರತಿಯೊಬ್ಬರೊಂದಿಗೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಿದರೆ ಇಪ್ಪತ್ತಾರು ಸುತ್ತು; ಲೆಕ್ಕ ಚೊಕ್ಕ. ಇಪ್ಪತ್ತು ತಂಡಗಳಾದರೆ ಅದೇ ಲೆಕ್ಕ ಮೂವತ್ತೆಂಟು ಸುತ್ತಾಗುತ್ತದೆ. ಮೈಮೇಲೆ ಮೈ ಬಿದ್ದು ಆಡುವ ಈ ಆಟದಲ್ಲಿ, ಅದರಲ್ಲೂ ವಾರದ ಐದು ದಿನ ಬೇರೆ ಉದ್ಯೋಗ ಮಾಡುವವರಿಗೆ ಅದು ಅಸಾಧ್ಯ. ಒಮ್ಮೆ ಮಾತ್ರ ಆಡಿಸಿದರೆ ಹತ್ತೊಂಬತ್ತು ಸುತ್ತು. ಅರ್ಧ ತಂಡಗಳಿಗೆ ಹತ್ತು ತವರು ಪಂದ್ಯ, ಇನ್ನರ್ಧಕ್ಕೆ ಒಂಬತ್ತು. ಟಿಕೆಟ್ ಮತ್ತು ಬಾರಿನ ಆದಾಯದಿಂದಲೇ ತಿಂಗಳು ತಳ್ಳುವ ಕ್ಲಬ್ಬಿಗೆ ಒಂದು ತವರು ಪಂದ್ಯದ ವ್ಯತ್ಯಾಸ ಸಣ್ಣದಲ್ಲ. ಇವೆರಡರ ನಡುವೆ ಎಲ್ಲಿ ನಿಂತರೂ, ಕೆಲವರು ಬಲಿಷ್ಠ ತಂಡವನ್ನು ಎರಡು ಬಾರಿ ಎದುರಿಸುತ್ತಾರೆ, ಕೆಲವರು ದುರ್ಬಲ ತಂಡವನ್ನು ಎರಡು ಬಾರಿ ಎದುರಿಸುತ್ತಾರೆ. ಅಸಮಾನ ಪಟ್ಟಿಯಿಂದ ಬಂದ ಪಾಯಿಂಟ್ಸ್‌ಗಳಲ್ಲಿ ಐದನೆಯವರು ಯಾರು, ಆರನೆಯವರು ಯಾರು ಎಂದು ನಿರ್ಧರಿಸಿ ಪ್ಲೇಆಫ್‌ಗೆ ಕಳುಹಿಸುವಾಗ, ಆ ಹೆಚ್ಚುವರಿ ಪಂದ್ಯಗಳನ್ನು ಯಾವ ನಿಯಮದಿಂದ ಹಂಚಲಾಯಿತು ಎಂಬುದು ಎಲ್ಲರಿಗೂ ಕಾಣಬೇಕು. ಹಿಂದಿನ ವರ್ಷದ ಸ್ಥಾನದ ಆಧಾರದ ಮೇಲೋ, ನೆರೆಹೊರೆಯ ಆಧಾರದ ಮೇಲೋ, ಚೀಟಿ ಎತ್ತಿಯೋ? ಯಾವುದಾದರೂ ಆಗಲಿ, ಮೊದಲೇ ಬರೆದು ಪ್ರಕಟಿಸಿ. ನನ್ನ ಒಲವು ನೆರೆಹೊರೆಯ ಕಡೆಗೆ: ಬಾರೋ, ವೈಟ್‌ಹೆವನ್, ವರ್ಕಿಂಗ್‌ಟನ್ ಎಂಬ ಕಂಬ್ರಿಯಾದ ಮೂರು ತಂಡಗಳು ಪರಸ್ಪರ ಎರಡು ಬಾರಿ ಆಡಿದರೆ ಗ್ಯಾಲರಿಯೂ ತುಂಬುತ್ತದೆ, ಬಸ್ಸಿನ ಖರ್ಚೂ ಉಳಿಯುತ್ತದೆ.

ಬಸ್ಸಿನ ಮಾತು ಬಂದದ್ದರಿಂದ 1895ರ ಆ ಕೂಲಿಯ ಜಗಳಕ್ಕೆ ಬರುತ್ತೇನೆ. ಚಾಂಪಿಯನ್‌ಷಿಪ್‌ನ ಹೆಚ್ಚಿನ ಆಟಗಾರರು ಅರೆಕಾಲಿಕರು. ಸೋಮವಾರ ಬೆಳಗ್ಗೆ ಒಬ್ಬ ವಿದ್ಯುತ್ ಕೆಲಸಕ್ಕೆ ಏಣಿ ಹತ್ತಬೇಕು, ಒಬ್ಬ ತರಗತಿಯ ಮುಂದೆ ನಿಲ್ಲಬೇಕು, ಒಬ್ಬ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಬೇಕು. ಭಾನುವಾರ ಮಧ್ಯಾಹ್ನ ಮೂರಕ್ಕೆ ಪಂದ್ಯವಿಡುವ ಹಳೆಯ ರೂಢಿ ಇಂಥವರಿಗಾಗಿಯೇ ಇದೆ. ವೈಟ್‌ಹೆವನ್‌ನಿಂದ ಲಂಡನ್ನಿಗೆ ಬಸ್ಸಿನಲ್ಲಿ ಆರು ತಾಸಿಗೆ ಕಡಿಮೆಯಿಲ್ಲ. ಪ್ರಸಾರದ ಅನುಕೂಲಕ್ಕಾಗಿ ಅಂಥ ಪಂದ್ಯವನ್ನು ಕೆಲಸದ ದಿನದ ಸಂಜೆಗೆ ಸರಿಸಿದರೆ ಆಟಗಾರ ರಜೆ ಹಾಕಬೇಕು, ಕೂಲಿ ಕಳೆದುಕೊಳ್ಳಬೇಕು. ಆ ನಷ್ಟವನ್ನು ಯಾರು ತುಂಬುತ್ತಾರೆ ಎಂಬುದಕ್ಕೆ ನಿಯಮಾವಳಿಯಲ್ಲಿ ಒಂದು ಸಾಲಾದರೂ ಬೇಕು. ಈ ಪ್ರಶ್ನೆಗೆ ‘ಕ್ಲಬ್ ನೋಡಿಕೊಳ್ಳಲಿ’ ಎಂದು ಉತ್ತರಿಸುವ ಅಧಿಕಾರ ಬೇರೆ ಯಾವ ಕ್ರೀಡಾಸಂಸ್ಥೆಗಿದ್ದರೂ ತಮಗಿಲ್ಲ.

ಸಂಕ್ಷಿಪ್ತವಾಗಿ ಇನ್ನೊಂದು ಸಂಗತಿ: ಜೋಡಿ ನೋಂದಣಿ. ಸೂಪರ್ ಲೀಗ್ ಕ್ಲಬ್ಬಿನ ಆಟಗಾರನೊಬ್ಬ ಆ ವಾರ ಅಲ್ಲಿ ಬೇಡವಾದರೆ ಇಲ್ಲಿಯ ಜತೆಗಾರ ಕ್ಲಬ್ಬಿಗೆ ಆಡಬಹುದು. ಎಳೆಯರಿಗೆ ಇದು ಒಳ್ಳೆಯದೇ. ಆದರೆ ಈ ವಾರ ಮೂವರು ಸೂಪರ್ ಲೀಗ್ ಆಟಗಾರರೊಂದಿಗೆ ಬಂದ ತಂಡ ಮುಂದಿನ ವಾರ ಅವರಿಲ್ಲದೆ ಬಂದರೆ, ಮೊದಲ ವಾರ ಅದನ್ನು ಎದುರಿಸಿದವರಿಗೆ ಮಾತ್ರ ಹೊರೆ. ಪಂದ್ಯವೊಂದಕ್ಕೆ ಎಷ್ಟು ಮಂದಿ, ಋತುವಿನ ಯಾವ ಹಂತದವರೆಗೆ ಎಂಬ ಮಿತಿ ಬಿಗಿಯಾಗಲಿ. ಪ್ಲೇಆಫ್ ಹೊತ್ತಿಗೆ ಅದು ಪೂರ್ತಿ ನಿಲ್ಲಲಿ.

ಬಡ್ತಿಯೇ ಇಲ್ಲದ ಎರಡನೇ ಸ್ತರವೂ ಚೆನ್ನಾಗಿ ನಡೆಯಬಲ್ಲದು ಎಂದು ತಾವು ಹೇಳಬಹುದು, ಮತ್ತು ಅದು ನಿಜ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕಪ್ ಅದಕ್ಕೆ ಸಾಕ್ಷಿ. ಅಲ್ಲಿಯ ಕ್ಲಬ್‌ಗಳು ಆ ದೇಶದ ಅಗ್ರ ಸ್ಪರ್ಧೆಯಾದ ಎನ್‌ಆರ್‌ಎಲ್ ತಂಡಗಳಿಗೆ ಆಟಗಾರರನ್ನು ಬೆಳೆಸಿಕೊಡುತ್ತವೆ. ಕಪ್ ಗೆದ್ದರೆ ಮೇಲೇರಬಹುದು ಎಂಬ ಆಸೆಯನ್ನು ಆ ಕ್ಲಬ್‌ಗಳ ಮುಂದೆ ಯಾರೂ ಇಟ್ಟಿಲ್ಲ. 2014ರಲ್ಲಿ ಸೇರಿದ ಪಪುವಾ ನ್ಯೂ ಗಿನಿಯ ಹಂಟರ್ಸ್ ತಂಡ 2017ರಲ್ಲಿ ಆ ಕಪ್ ಗೆದ್ದಾಗ ಒಂದು ದೇಶವೇ ಸಂಭ್ರಮಿಸಿತು. ಅಲ್ಲಿ ಸ್ಪರ್ಧೆಯ ಉದ್ದೇಶ ಎಲ್ಲರಿಗೂ ತಿಳಿದಿದೆ, ಖರ್ಚು ಅದಕ್ಕೆ ತಕ್ಕಂತೆ ಇದೆ. ತಾವು ಆ ದಾರಿಯನ್ನು ಆರಿಸಿದರೆ ನಾನು ಬೇಸರಪಟ್ಟರೂ ಅರ್ಥಮಾಡಿಕೊಳ್ಳುತ್ತೇನೆ. ಮೇಲೇರಬಹುದು ಎಂಬ ಆಸೆಯನ್ನು ಮುಂದೆ ಹಿಡಿದು ಕ್ಲಬ್‌ಗಳಿಂದ ಖರ್ಚು ಮಾಡಿಸಿ, ಕೊನೆಗೆ ಬೇರೆ ತಕ್ಕಡಿಯಲ್ಲಿ ತೂಗುವುದನ್ನು ಮಾತ್ರ ಒಪ್ಪಲಾಗದು.

ಆ ಖರ್ಚು ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ಬ್ರಾಡ್‌ಫರ್ಡ್ ಇದೆ. 2002, 2004, 2006ರಲ್ಲಿ ವಿಶ್ವ ಕ್ಲಬ್ ಪಟ್ಟ ಗೆದ್ದ ಈ ಕ್ಲಬ್ 2014ರಲ್ಲಿ ಹಿಂಬಡ್ತಿ ಪಡೆದು, 2015ರ ಮಿಲಿಯನ್ ಪೌಂಡ್ ಪಂದ್ಯದಲ್ಲಿ ವೇಕ್‌ಫೀಲ್ಡ್‌ಗೆ ಸೋತು, 2017ರ ಜನವರಿಯಲ್ಲಿ ಮುಚ್ಚಿತು. ಅದೇ ಹೆಸರಿನ ಹೊಸ ಕ್ಲಬ್ ಹನ್ನೆರಡು ಪಾಯಿಂಟ್ಸ್ ಕಡಿತದೊಂದಿಗೆ ಆರಂಭಿಸಿ ಮೂರನೇ ಸ್ತರಕ್ಕೂ ಇಳಿಯಿತು. ಟೊರಾಂಟೊ ವುಲ್ಫ್‌ಪ್ಯಾಕ್ 2019ರಲ್ಲಿ ಎರಡನೇ ಸ್ತರ ಗೆದ್ದು, ಮರುವರ್ಷ ಸಾಂಕ್ರಾಮಿಕದ ನಡುವೆ ಋತು ಮುಗಿಸಲಾರದೆ ಹಿಂದೆ ಸರಿಯಿತು. ಆದ್ದರಿಂದ ಎರಡನೇ ಸ್ತರಕ್ಕೆ ಕೇಂದ್ರದಿಂದ ಬರುವ ಹಣದ ಮೊತ್ತವನ್ನು ಮೂರು ವರ್ಷಗಳಿಗೆ ಒಟ್ಟಿಗೆ ಘೋಷಿಸಿ, ಕಂತುಗಳ ದಿನಾಂಕ ನಿಗದಿಪಡಿಸಿ. ಟಿ.ವಿ. ಒಪ್ಪಂದದ ಮೊತ್ತ 2022ರಿಂದ ಕುಗ್ಗಿರುವಾಗ ಹೆಚ್ಚು ಕೊಡಿ ಎಂದು ಕೇಳುತ್ತಿಲ್ಲ. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂದು ತಿಳಿದಿದ್ದರೆ ಬ್ಯಾಟ್ಲಿಯಂಥ ಕ್ಲಬ್ ಆ ಅಳತೆಗೆ ತಕ್ಕಂತೆ ಒಪ್ಪಂದಗಳನ್ನು ಬರೆದುಕೊಳ್ಳುತ್ತದೆ.

ಕೊನೆಯದಾಗಿ ತಮ್ಮಿಂದ ಲಿಖಿತ ಉತ್ತರ ಬಯಸುವ ಪ್ರಶ್ನೆ ಒಂದೇ ಇದೆ. ಮುಂದಿನ ಋತುವಿನ ಚಾಂಪಿಯನ್‌ಷಿಪ್ ಗೆದ್ದ ತಂಡ ತಾವು ಪ್ರಕಟಿಸಿದ ಎಲ್ಲ ಷರತ್ತುಗಳನ್ನೂ ಪೂರೈಸಿದ್ದರೆ, ಅದರ ಮರುವರ್ಷ ಅದು ಸೂಪರ್ ಲೀಗ್‌ನಲ್ಲಿ ಆಡುತ್ತದೆಯೇ, ಇಲ್ಲವೇ? ಹೌದು ಎಂದಾದರೆ ಯಾವ ಷರತ್ತು, ಇಲ್ಲ ಎಂದಾದರೆ ಯಾವ ಕಾರಣ ಎಂಬುದನ್ನು ಋತುವಿನ ಮೊದಲ ಸುತ್ತಿಗೆ ಮುನ್ನ ಪ್ರಕಟಿಸಿ, ಕನಿಷ್ಠ ಐದು ವರ್ಷ ಅದನ್ನು ಮುಟ್ಟುವುದಿಲ್ಲ ಎಂಬ ನಿರ್ಣಯವನ್ನು ಕ್ಲಬ್‌ಗಳ ಮಹಾಸಭೆಯ ಮುಂದಿಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಶ್ಚಿಮ ಯಾರ್ಕ್‌ಷೈರಿನ ಒಬ್ಬ ಕನ್ನಡಿಗ, ಚಾಂಪಿಯನ್‌ಷಿಪ್‌ನ ಟಿಕೆಟ್ ಕೊಳ್ಳುವ ಪ್ರೇಕ್ಷಕ